ಸಾಹೇಬರ ದನಿ

ಎದುರಿನ ಯಂತ್ರದ ಡಿಜಿಟಲ್ ಸರ್ಟಿಫಿಕೇಟು ಎಂಬ ಗುರುತಿನ ಚೀಟಿ ನೋಡದೆ ಕಂಪ್ಯೂಟರು ಯಾರನ್ನೂ ನಂಬುವುದಿಲ್ಲ ಎಂದು ಮೊನ್ನೆ ಮೊಮ್ಮಗಳು ವಿವರಿಸಿದಳು. ಇದೇನು ಹೊಸದು! ಎಂಬತ್ತರ ದಶಕದಲ್ಲಿ ಶಿಗ್ಗಾಂವಿ ಕಡೆಯ ಠಾಣೆಯೊಂದರಲ್ಲಿ ನಾನು ವೈರ್‌ಲೆಸ್ ಮುಂದೆ ಕೂರುತ್ತಿದ್ದ ಪೇದೆ. ಯಾರೇ ಆದೇಶ ಕೊಟ್ಟರೂ ಮೊದಲು ಆ ದಿನದ ಗುಪ್ತಪದ ಕೇಳಬೇಕಿತ್ತು.

ಸವಣೂರು ರಸ್ತೆಗೆ ನಾಕಾಬಂದಿ ಹಾಕಿದ್ದ ದಿನ ಸೆಟ್ಟಿನೊಳಗಿಂದ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರ ದನಿ ಗುಡುಗಿತು. "ನಾಕಾಬಂದಿ ತಗಸು, ಈಗಿಂದೀಗ!"

"ಇವತ್ತಿನ ಗುಪ್ತಪದ ಹೇಳ್ರಿ, ಸಾಹೇಬ್ರ."

"ಮರತೇನಿ. ನನ್ನ ದನಿ ಗುರ್ತ ಹತ್ತಲಿಲ್ಲೇನಲೇ?"

ಅದೇ ಕೆಮ್ಮು, ಅದೇ ಬೈಗುಳ. ನೌಕರಿ ಹೋದರೆ ಹೋಗಲಿ ಎಂದು ಹಲ್ಲು ಕಚ್ಚಿ, "ಪದ ಹೇಳೂತನಕಾ ತಗಸೂದಿಲ್ರಿ" ಎಂದೆ.

ಅರ್ಧ ತಾಸಿಗೆ ಜೀಪು ಬಂತು. ಇಳಿದವರು ಸಾಹೇಬರೇ. ಟೊಪ್ಪಿಗೆಯನ್ನು ಮೇಜಿಗೆ ಬಡಿದು, "ಯಾಕ ನಂಬಲಿಲ್ಲ?" ಎಂದರು. ಉಳಿದ ಪೇದೆಗಳು ನೆಲ ನೋಡುತ್ತ ನಿಂತರು.

"ರೂಲ್ ಹಂಗ ಐತ್ರಿ" ಎಂದೆ.

ಅದು ಅರ್ಧ ನಿಜ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಆ ಕೆಮ್ಮು, ಆ ಬೈಗುಳ, ಆ ದನಿಯನ್ನೇ ಅಣಕಿಸಿ ಈ ಪೇದೆಗಳನ್ನೆಲ್ಲ ದಿನಾ ನಗಿಸುತ್ತಿದ್ದವನು ನಾನೇ.