ಬದುವಿನ ಆಚೆಯ ಅವರೆ

ಇವತ್ತು ಬೆಳಿಗ್ಗೆ ಹಿತ್ತಲಿನ ಡ್ರಮ್ಮಿನ ಮುಚ್ಚಳ ತೆಗೆದೆ. ಗಂಜಲ, ಸಗಣಿ ನೀರಿನಲ್ಲಿ ನೆನೆಯುತ್ತಿದ್ದ ಇದ್ದಿಲಿನ ವಾಸನೆ ಮೂಗಿಗೆ ಬಡಿಯಿತು. ಮೂಗು ಮುಚ್ಚಿಕೊಳ್ಳುವ ಮೊದಲೇ ಪದ್ಮ ನೆನಪಾದಳು. ಮಲ್ಲಿಗೆ ಮೂಸಿದರೆ ತಮ್ಮವರು ನೆನಪಾಗುತ್ತಾರೆ ಎನ್ನುವವರಿದ್ದಾರೆ. ನನ್ನ ವಾರಗಿತ್ತಿ ನೆನಪಾಗಲು ಗಂಜಲವೇ ಬೇಕು. ನೀವು ನಗಬಹುದು. ಗೊತ್ತಾದರೆ ಅವಳೂ ನಗುತ್ತಾಳೆ, ಆಮೇಲೆ ನಾಲ್ಕು ಮನೆಗೆ ಹೇಳಿಕೊಂಡು ಬರುತ್ತಾಳೆ.

ಪದ್ಮ ನನ್ನ ಮೈದುನನ ಹೆಂಡತಿ, ಚಿಂತಾಮಣಿಯ ತರಕಾರಿ ಮಂಡಿಯವರ ಮಗಳು. ಕನ್ನಡ ಆಡುತ್ತ ಆಡುತ್ತಲೇ ತೆಲುಗಿಗೆ ಜಾರುತ್ತಾಳೆ, ನನ್ನನ್ನು ಅಕ್ಕಯ್ಯಾ ಎನ್ನುತ್ತಾಳೆ. ತೊಂಡೇಬಾವಿಯ ಹತ್ತಿರ ನಮ್ಮ ಮಾವನವರ ಹೊಲ ಅಣ್ಣತಮ್ಮಂದಿರಿಗೆ ಪಾಲಾದಾಗ ನಡುವೆ ಒಂದು ಬದು ಎದ್ದಿತು: ಈಚೆ ನಾವು, ಆಚೆ ಅವರು. ಮೇಲುಗಡೆ ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್ಡೊಂದಿತ್ತು. ಅದು ಮುಚ್ಚಿಹೋಗಿ ಕಾಲವಾಯಿತು, ಆದರೆ ಅದರ ನೀರು ವರ್ಷಗಟ್ಟಲೆ ಹರಿದದ್ದು ನಮ್ಮ ಎರಡೂ ಹೊಲಕ್ಕೆ. ನೀರಿಗೆ ಪಾಲುಪಟ್ಟಿ ಗೊತ್ತಿಲ್ಲ. ಹಿಂದೆ ಅವರೆಕಾಯಿಯ ಸೊಗಡು ರಸ್ತೆಯವರೆಗೂ ಬರುತ್ತಿದ್ದ ನೆಲದಲ್ಲಿ ರಾಗಿಯೂ ಮೊಣಕಾಲುದ್ದಕ್ಕೆ ನಿಂತು ಹಳದಿಯಾಗತೊಡಗಿತು. ಮಣ್ಣು ಪರೀಕ್ಷೆ ಮಾಡಿಸಿದರೆ ಸೀಸ ತುಂಬಿದೆ ಎಂದರು. ಆಗ ನಾನೂ ಪದ್ಮನೂ ಬದುವಿನ ಮೇಲೆ ಕೂತು ಒಟ್ಟಿಗೆ ಆ ಶೆಡ್ಡಿಗೆ ಶಾಪ ಹಾಕುತ್ತಿದ್ದೆವು. ಕಷ್ಟ ಸಮಪಾಲಾಗಿರುವಾಗ ವಾರಗಿತ್ತಿಯರಂಥ ಗೆಳತಿಯರಿಲ್ಲ.

ಆ ಗೆಳೆತನ ಕೆಟ್ಟದ್ದು, ಅವಳು ತವರಿನ ಕಡೆ ಯಾವುದೋ ತರಬೇತಿಗೆ ಹೋಗಿ ಬಂದ ಮೇಲೆ. ಶಿಡ್ಲಘಟ್ಟದ ನೆಂಟರಿಂದ, ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ಟ್ರ್ಯಾಕ್ಟರಿನಲ್ಲಿ ತರಿಸಿದಳು. ಗುಂಡಿಯಲ್ಲಿ ಕಡ್ಡಿ ಒಟ್ಟಿ, ಮೇಲಿನಿಂದ ಬೆಂಕಿ ಹಚ್ಚಿ, ಬೂದಿಯಾಗುವ ಮೊದಲೇ ನೀರು ಸುರಿದು ಇದ್ದಿಲು ಮಾಡಿದಳು.

"ಬಯೋಚಾರ್ ಅಂತಾರೆ ಅಕ್ಕಯ್ಯಾ. ಸೀಸಾನ ಹಿಡ್ಕೊಂಬಿಡುತ್ತೆ, ಬೇರಿಗೆ ಸುಲಭವಾಗಿ ಬಿಡಲ್ಲ."

"ಇಸ್ತ್ರಿ ಅಂಗಡಿ ಇಡ್ತೀಯೇನೋ ಅಂದ್ಕೊಂಡೆ ಕಣೇ," ಎಂದು ನಾನು ನಕ್ಕೆ.

ಚಳಿ ಬೀಳುವ ಹೊತ್ತಿಗೆ ನನ್ನ ನಗು ನಿಂತಿತ್ತು. ಆಚೆ ಅವರೆ ಕಪ್ಪು ಹಸಿರಾಗಿ ಎದ್ದು ಹೂ ಬಿಟ್ಟಿತು. ಈಚೆ ನಮ್ಮದು ಕಾಮಾಲೆಯವರ ಮುಖ. ನೆರೆಮನೆಯವಳು ಹೆತ್ತಳೆಂದು ಒರಳುಕಲ್ಲಿನಿಂದ ಹೊಟ್ಟೆ ಕುಟ್ಟಿಕೊಂಡಳಂತೆ ಎಂಬ ಗಾದೆ ಯಾರ ಮೇಲೆ ಕಟ್ಟಿದ್ದೆಂದು ಆಗ ತಿಳಿಯಿತು. ಹೊಟ್ಟೆ ಉರಿಯಿತು, ಬೇರೆ ಮಾತೇಕೆ. ಸಾಲದೆಂಬಂತೆ ಅವಳು ದಿನಾ ಫೋನಿನ ಸ್ಟೇಟಸ್‌ಗೆ ಗಿಡದ ಫೋಟೋ ಹಾಕುತ್ತಿದ್ದಳು. ನೋಡದೆ ಇರಲಾರೆ, ನೋಡಿದರೆ ನೋಡಿದವರ ಸಾಲಿನಲ್ಲಿ ನನ್ನ ಹೆಸರು ಅವಳಿಗೆ ಕಾಣುತ್ತದೆ. ಅದಕ್ಕೇ ನಮ್ಮ ಯಜಮಾನರ ಫೋನಿನಲ್ಲಿ ನೋಡುತ್ತಿದ್ದೆ. "ಭಾವನವರಿಗೆ ನಮ್ಮ ಬೆಳೆ ಮೇಲೆ ಎಷ್ಟು ಆಸಕ್ತಿ!" ಎಂದು ಅವಳು ಊರೆಲ್ಲ ಹೊಗಳಿದಳು. ಆ ಪಾಪದ ಮನುಷ್ಯನಿಗೆ ಸ್ಟೇಟಸ್ ಎಂದರೇನೆಂದೇ ಗೊತ್ತಿಲ್ಲ.

ಕೇಳಿದ್ದರೆ ಹೇಳಿಕೊಡುತ್ತಿದ್ದಳು. ಕೇಳಲು ಬಾಯಿ ಬರಬೇಕಲ್ಲ! ಮರುವರ್ಷ ನಾನೂ ಕಡ್ಡಿ ತರಿಸಿ ಸುಟ್ಟೆ, ಇದ್ದಿಲನ್ನು ಕುಟ್ಟಿ ಹಾಗೇ ಒಣದಾಗಿಯೇ ಹೊಲಕ್ಕೆ ಎರಚಿದೆ. ಬದುವಿನಿಂದ ಕದ್ದು ನೋಡಿದವಳಿಗೆ ಬೆಂಕಿ ಕಂಡಿತ್ತು, ಅವಳ ಹಿತ್ತಲಿನ ಡ್ರಮ್ಮು ಕಂಡಿರಲಿಲ್ಲ. ನಮ್ಮ ಗಿಡ ಇದ್ದ ಬಣ್ಣವನ್ನೂ ಕಳೆದುಕೊಂಡಿತು.

ಅಂಥ ದಿನಗಳಲ್ಲೊಂದು ಬೆಳಿಗ್ಗೆ ನೋಡುತ್ತೇನೆ, ಪದ್ಮ ಕಾಯಿ ತುಂಬಿದ ಗಿಡಗಳನ್ನು ಬುಡಸಮೇತ ಕಿತ್ತು ಗುಂಡಿಗೆ ಎಸೆಯುತ್ತಿದ್ದಾಳೆ. ಇದ್ದವರ ಕೊಬ್ಬು ಎನ್ನಿಸಿ ಮೈಯೆಲ್ಲ ಉರಿದು ಬದು ದಾಟಿದೆ.

"ಏನೇ ಇದು, ತಲೆ ಕೆಟ್ಟಿದ್ಯಾ? ಬೇಡ ಅಂದ್ರೆ ನಮಗಾದ್ರೂ ಕೊಡಬಾರ್ದಾ?"

"ಏಂ ಚೇಸೇದಿ ಅಕ್ಕಯ್ಯಾ, ಏನ್ ಮಾಡ್ಲಿ? ಕಾಯಿ ಪರೀಕ್ಷೆಗೆ ಕಳ್ಸಿದ್ದೆ. ಸೀಸ ಕಮ್ಮಿಯಾಗಿದೆ, ತಿನ್ನೋ ಅಷ್ಟು ಕಮ್ಮಿಯಾಗಿಲ್ಲ ಅಂದ್ರು. ದನಕ್ಕೂ ಹಾಕಂಗಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋದ ವರ್ಷದ್ದೂ ಇಲ್ಲೇ ಹೂತಿದ್ದು."

"ಮತ್ತೆ ದಿನಾ ಫೋಟೋ ಹಾಕ್ತಿದ್ಯಲ್ಲೇ!"

"ತಿನ್ನಕ್ಕಾಗ್ದಿದ್ರೆ ನೋಡಕ್ಕಾದ್ರೂ ಬೇಡ್ವಾ ಅಕ್ಕಯ್ಯಾ?"

ಎರಡು ವರ್ಷ ನಾನು ಹೊಟ್ಟೆ ಉರಿದುಕೊಂಡದ್ದು ಒಂದು ಕಾಳೂ ಬಾಯಿಗೆ ಹೋಗದ ಬೆಳೆಗೆ. ನಾನೂ ಬಗ್ಗಿ ಕೀಳತೊಡಗಿದೆ. ಸ್ವಲ್ಪ ಹೊತ್ತಿಗೆ ಅವಳೇ, "ನೀವು ಒಣ ಇದ್ದಿಲು ಹಾಕಿದ್ರಲ್ವಾ? ನೆನೆಸ್ದೆ ಹಾಕಿದ್ರೆ ಗೊಬ್ಬರದ ಸಾರಾನೆಲ್ಲ ಅದೇ ಕುಡ್ಕೊಂಬಿಡುತ್ತೆ. ನಮ್ಮನೆ ಡ್ರಮ್ಮು ತಗೊಂಡ್ ಹೋಗಿ," ಎಂದಳು. ಅಂದರೆ ಅವಳೂ ಬದುವಿನ ಈಚೆಗೆ ಇಣುಕುತ್ತಿದ್ದಳು.

ಅಲ್ಲಿಗೆ ಮತ್ಸರ ಹೋಯಿತೆಂದುಕೊಂಡರೆ ನಿಮಗೆ ನನ್ನ ಪರಿಚಯ ಸಾಲದು. ಮೊದಲು ಅವಳ ಗಿಡ ಕಂಡು ಉರಿಯುತ್ತಿದ್ದೆ, ಆಮೇಲೆ ಅವಳ ತಾಳ್ಮೆ ಕಂಡು. ಹೋದ ವರ್ಷ ಅವಳ ಕಾಯಿ ಪರೀಕ್ಷೆಯಲ್ಲಿ ಗೆದ್ದಿತು. ಹಿತಕಿದ ಬೇಳೆ ಸಾರು ಮಾಡಿ ಮೊದಲ ಬಟ್ಟಲನ್ನು ನಮ್ಮ ಮನೆಗೇ ತಂದಳು. ಅದೇ ಹಳೆಯ ಸೊಗಡು. ತಿಂದೆ, ಕಣ್ಣಲ್ಲಿ ನೀರು ಬಂತು, ಹೊಟ್ಟೆಯೂ ಉರಿಯಿತು. ಖಾರ ಜಾಸ್ತಿ ಎಂದೆ.

ಈ ಸಲ ನಮ್ಮ ಅವರೆ ನಿಜಕ್ಕೂ ಚೆನ್ನಾಗಿ ಬಂದಿದೆ. ನಿನ್ನೆ ಫಲಿತಾಂಶ ಬಂತು: ಕಮ್ಮಿಯಾಗಿದೆ, ತಿನ್ನುವಷ್ಟು ಕಮ್ಮಿಯಾಗಿಲ್ಲ. ಡ್ರಮ್ಮಿನ ಮುಚ್ಚಳ ಮುಚ್ಚಿ ಹೊಲಕ್ಕೆ ಹೋದೆ. ಇಬ್ಬನಿ ಇನ್ನೂ ಆರಿರಲಿಲ್ಲ, ಕಾಯಿ ಗೊಂಚಲು ಗೊಂಚಲಾಗಿ ಜೋತಿತ್ತು. ಗಿಡಕ್ಕೆ ಕೈ ಹಾಕುವ ಮೊದಲು ಒಂದು ಫೋಟೋ ತೆಗೆದು, ಜೀವನದಲ್ಲಿ ಮೊದಲ ಬಾರಿಗೆ ಸ್ಟೇಟಸ್‌ಗೆ ಹಾಕಿದೆ.

ಎಲ್ಲರಿಗಿಂತ ಮೊದಲು ನೋಡಿದವಳು ಪದ್ಮ, ತನ್ನದೇ ಫೋನಿನಲ್ಲಿ. ಸ್ವಲ್ಪ ಹೊತ್ತಿಗೆ ಸೆರಗು ಬಿಗಿದುಕೊಂಡು ಬದು ದಾಟಿ ಬಂದಳು, ನಮ್ಮ ಗಿಡಗಳನ್ನು ಒಮ್ಮೆ ನಿಧಾನವಾಗಿ ನೋಡಿದಳು.

"ನಮ್ದು ಒಂದು ಸಲಾನೂ ಇಷ್ಟು ಕಪ್ಪು ಹಸಿರಾಗಿ ಬಂದಿರ್ಲಿಲ್ಲ," ಎಂದಳು.

ಆ ದನಿ ನನಗೆ ಚೆನ್ನಾಗಿ ಗೊತ್ತು. ಅದನ್ನು ಕೇಳಿಯೇ ನನಗೆ ಹೊಟ್ಟೆ ತುಂಬಿತು. ಇಬ್ಬರೂ ಬಗ್ಗಿ ಕೀಳಲು ಶುರುಮಾಡಿದೆವು.