ಕೊನೆಯ ನೀರು ಎರೆಯುವ ಪೀರಾಂಬಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಜಾಪುರದ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಗಂಡಸರೆಲ್ಲ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಅವರ ಸಾಲಿನಲ್ಲಿ ನಾನೂ ಇದ್ದೇನೆ. ಎದುರಿನ ಮನೆಯಲ್ಲಿ ರಾತ್ರಿ ಒಬ್ಬ ಮುದುಕಿ ತೀರಿಕೊಂಡಿದ್ದಾಳೆ. ಅಂಗಳಕ್ಕೆ ಸುತ್ತಲೂ ಚಾದರ ಕಟ್ಟಿ ಮರೆ ಮಾಡಿದ್ದಾರೆ. ಹೆಣ್ಣಿನ ಕೊನೆಯ ಸ್ನಾನವನ್ನು ಗಂಡಸರು ನೋಡುವಂತಿಲ್ಲ. ಹಾಗಾಗಿ ಕಿವಿಗೆ ಬಿದ್ದಷ್ಟೇ ನನ್ನ ಪಾಲಿಗೆ. ಬೋರಿ ಹಣ್ಣಿನ ಗಿಡದ ಎಲೆ ಹಾಕಿ ಕುದಿಸಿದ ನೀರಿನ ವಾಸನೆ ಹೊರಗೂ ಬರುತ್ತಿದೆ. ತಂಬಿಗೆಯಿಂದ ನೀರು ಸಣ್ಣಗೆ ಬೀಳುವ ಸಪ್ಪಳ, ಜೊತೆಗೆ ಒಬ್ಬಾಕೆಯ ಮಾತು.

“ಬಲಗೈ ಕೊಡ ಬೇ. ಹಾಂ, ಹಂಗ. ನೀರ ಸುಡೂದಿಲ್ಲ, ನಾ ಕೈ ಇಟ್ಟ ನೋಡೇನಿ. ಈಗ ಮಗ್ಗಲಾ ಹೊರಳಸ್ತೇನಿ, ಅಂಜಬ್ಯಾಡ.”

ಪೀರಾಂಬಿ ಮಾತಾಡಿಸುತ್ತಿರುವುದು ಸತ್ತಾಕೆಯನ್ನೇ.

ಊರಿನ ಈ ಭಾಗದಲ್ಲಿ ಮುಸಲ್ಮಾನರ ಮನೆಯಲ್ಲಿ ಹೆಣ್ಣುಮಗಳೊಬ್ಬಳು ತೀರಿಕೊಂಡರೆ ಮೊದಲು ಓಡುವುದು ಪೀರಾಂಬಿಯ ಬಾಗಿಲಿಗೆ. ಮದುವೆಗೆ ಕರೆಯುವಾಗ ಮಾತ್ರ ಅದೇ ಜನಕ್ಕೆ ಆ ಬಾಗಿಲು ನೆನಪಾಗುವುದಿಲ್ಲ. ಐವತ್ತು ದಾಟಿದ, ಕಡ್ಡಿಯಂಥ ಮೈಯ ಹೆಂಗಸು. ಹೊಟ್ಟೆಪಾಡಿಗೆ ಹಳೆಯ ಸೀರೆಗಳನ್ನು ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತಾಳೆ, ಈ ಕೆಲಸಕ್ಕೆ ಯಾರಿಂದಲೂ ಏನನ್ನೂ ಮುಟ್ಟುವುದಿಲ್ಲ. ಇಂಥಾಕೆಯ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಸಂಪಾದಕರು, ಭಾನುವಾರ ಜನ ಚಹಾ ಕುಡಿಯುತ್ತಾ ಓದುವ ಪುಟದಲ್ಲಿ ಹೆಣ ತೊಳೆಯುವವಳೇ ಎಂದು ಮುಖ ಕಿವುಚಿದರು. ಚಹಾ ಕುಡಿಯುವವರೂ ಒಂದು ದಿನ ಸಾಯುವವರೇ ಅಲ್ಲವೇ, ಓದಲಿ ಬಿಡಿ ಅಂದೆ.

ಇಲ್ಲಿಯವರೆಗೆ ಎಷ್ಟು ಜನರಿಗೆ ನೀರು ಹಾಕಿರಬಹುದು ಎಂದು ಕೇಳಿ ಬೈಸಿಕೊಂಡದ್ದೂ ಆಯಿತು. “ಎಣಸಾಕ ಅವೇನ ಕುರಿ ಏನ್ರಿ? ಒಬ್ಬೊಬ್ಬರೂ ಒಬ್ಬರ ಅವ್ವ, ಒಬ್ಬರ ಮಗಳು. ಬ್ಯಾರೆ ಏನರೆ ಕೇಳ್ರಿ.” ಸರಿ, ಸತ್ತವರನ್ನು ಮಾತಾಡಿಸುವುದು ಯಾಕೆ ಎಂದು ಕೇಳುತ್ತೇನೆ. ಕೈ ಒರೆಸಿಕೊಂಡು, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ನಿಧಾನವಾಗಿ ಹೇಳುತ್ತಾಳೆ.

“ಜೀವ ಲಗೂನ ಹೋಗತೈತ್ರಿ. ಅದಕ್ಕೇನು, ಕರದ್ರ ಹೊಂಟತು. ಮನಸ್ಸು ಹಂಗಲ್ಲ. ಅದಕ್ಕ ಮನಿ ರೂಢಿ ಆಗಿರತೈತಿ, ಮಕ್ಕಳ ಧ್ವನಿ ರೂಢಿ ಆಗಿರತೈತಿ. ಸ್ವಲ್ಪ ಹೊತ್ತು ಅಲ್ಲೇ ಸುಳದಾಡತೈತಿ. ಯಾರರೆ ಮಾತಾಡಿಸಿದ್ರ ಅದಕ್ಕ ಸಮಾಧಾನ. ಸುಮ್ಮನ ತೊಳದ್ರ, ನನ್ನನ್ನ ಪಾತ್ರಿ ಭಾಂಡೆ ತೊಳದಂಗ ತೊಳದ್ರು ಅಂತ ನೊಂದಕೊಂಡು ಹೋಗತೈತಿ.”

ಈ ಮಾತನ್ನು ಅವಳ ಗಂಡನೇ ಒಪ್ಪುವುದಿಲ್ಲ. ಲಾಲಸಾಬ ಗೋಳಗುಮ್ಮಟ ನೋಡಲು ಬರುವವರಿಗೆ ಟಾಂಗಾ ಹೊಡೆಯುತ್ತಾನೆ. “ನನ್ನ ಕುದುರಿ ಸತ್ತಾಗ ನಾ ಅದರ ಹಂತೇಕ ಕುಂತಿದ್ದೆ. ಉಸರ ನಿಂತತು, ಮುಗೀತು. ಅದರ ಮನಸ್ಸು ಎಲ್ಲಿ ಸುಳದಾಡತು ಕೇಳ್ರಿ ಅಕಿನ್ನ. ಮನಶ್ಯಾರು ಏನ ದೊಡ್ಡವರು?” ಎನ್ನುತ್ತಾನೆ. ಮಸೀದಿಯ ಹಿರಿಯರು ಹೇಳುವುದು ಮೂರನೆಯ ಬಗೆ. ಅವರ ಪ್ರಕಾರ ಆತ್ಮ ಕಡೆಯ ದಿನದವರೆಗೆ ತನಗೆ ನೇಮಿಸಿದ ಠಾವಿನಲ್ಲಿ ಇರುತ್ತದೆ, ತಿರುಗಿ ಮನೆಗೆ ಬರುವುದಿಲ್ಲ. ಪೀರಾಂಬಿ ಇಬ್ಬರ ಮಾತಿಗೂ ತಲೆಯಾಡಿಸುತ್ತಾಳೆ. ಗುರುವಾರ ಸಂಜೆ ಮಾತ್ರ ಲೋಬಾನದ ಧೂಪ ಹಾಕಿ ಬಾಗಿಲು ತೆರೆದಿಟ್ಟು, ತನ್ನವರು ಬರುತ್ತಾರೆಂದು ಹೊಸ್ತಿಲ ಒಳಗೆ ಕೂತುಬಿಡುತ್ತಾಳೆ.

“ಅವ್ವ ಬರತಾಳ್ರಿ. ಅತ್ತಿನೂ ಬರತಾಳ, ಆಕಿ ಬಂದ್ರ ಮನ್ಯಾಗ ಕಾಲಿಡೂಕಿಂತ ಮೊದಲ ತಿಳೀತೈತಿ, ಬದುಕಿದ್ದಾಗೂ ಹಂಗ ಇದ್ಲು,” ಎಂದು ನಗುತ್ತಾಳೆ. ಆ ನಗೆ ಅಲ್ಲೇ ನಿಲ್ಲುತ್ತದೆ. “ಜುಲೇಖಾ ಒಬ್ಬಾಕಿ ಬಂದಿಲ್ಲ. ಒಂದ ಸಲನೂ ಬಂದಿಲ್ಲ.”

ಜುಲೇಖಾ ಇವರ ಒಬ್ಬಳೇ ಮಗಳು. ಬಬಲೇಶ್ವರದ ಆಚೆ, ಕಾಖಂಡಕಿಯಲ್ಲಿ ಬಸ್ ಇಳಿದು ಹೊಲದ ಹಾದಿಯಲ್ಲಿ ನಡೆದುಹೋಗುವ ಸಣ್ಣ ವಸ್ತಿಯೊಂದಕ್ಕೆ ಕೊಟ್ಟಿದ್ದರು. ಎಪ್ಪತ್ತೆರಡರ ಬರ ಮುಗಿದ ಮರುವರ್ಷ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಆ ಮಳೆಯಲ್ಲೇ, ದಿನ ತುಂಬಿದ್ದ ಜುಲೇಖಾ ಹೆರಿಗೆಯಾಗದೆ ಸತ್ತಳು. ಕೂಸೂ ಹೊಟ್ಟೆಯಲ್ಲೇ ಹೋಯಿತು. ಸುದ್ದಿ ತಿಳಿದು ಪೀರಾಂಬಿ ಹೊರಟಾಗ ನಡುವಿನ ಡೋಣಿ ಹೊಳೆ ತುಂಬಿ ಬಸ್‌ಗಳು ನಿಂತಿದ್ದವು. ಮೂರನೆಯ ದಿನ ಅಳಿಯನೇ ಈಚೆಗೆ ದಾಟಿ ಬಂದ. “ಎಲ್ಲಾ ಆತು” ಎಂದಷ್ಟೇ ಹೇಳಿದ. ಮುಂದೆ ಅವನು ದುಡಿಯಲು ಸೊಲ್ಲಾಪುರಕ್ಕೆ ಹೋದವನು ತಿರುಗಿ ಬರಲಿಲ್ಲ.

ಊರಿನವರ ಹೆಣ್ಣುಮಕ್ಕಳಿಗೆಲ್ಲ ಕೊನೆಯ ನೀರು ಹಾಕುವವಳು ತನ್ನ ಮಗಳಿಗೆ ಹಾಕಲಿಲ್ಲ. ಯಾರು ಹಾಕಿದರು, ಹಾಕಿದರೋ ಇಲ್ಲವೋ ಎಂಬುದೂ ಅವಳಿಗೆ ಗೊತ್ತಿಲ್ಲ. ಬಸುರಿ ಸತ್ತರೆ ಅವಳಿಗೆ ಹುತಾತ್ಮರ ಸ್ಥಾನ, ನೀನು ಚಿಂತೆ ಮಾಡಬೇಡ ಎಂದು ಹಿರಿಯರು ಸಮಾಧಾನ ಹೇಳಿದರು. “ಹುತಾತ್ಮ ಖರೇ,” ಎನ್ನುತ್ತಾಳೆ ಪೀರಾಂಬಿ, “ಆದ್ರ ಮೈ ತೊಳದು ಮಾತಾಡಿಸಿ ಕಳಸಿದ್ರೋ ಇಲ್ಲೋ? ಆ ಮುನಿಸಿಗೇ ಬರಾಕತ್ತಿಲ್ಲೇನೋ.” ನಾಲ್ಕು ವರ್ಷದಿಂದ ಇದೊಂದನ್ನು ಅಲ್ಲಿಗೇ ಹೋಗಿ ಕೇಳಬೇಕೆಂದಿದ್ದಾಳೆ. ಇಲ್ಲ ಅಂದುಬಿಟ್ಟರೆ ಏನು ಮಾಡಲಿ ಎಂಬ ಅಂಜಿಕೆಗೆ ಹೋಗಿಲ್ಲ. ನನ್ನ ಮುಂದೆ ಅವಳದೊಂದೇ ಕರಾರು: “ನನ್ನ ಬಗ್ಗೆ ಬರೀಬೇಕಂದ್ರ ನನ್ನ ಜೋಡಿ ಅಲ್ಲೀ ತನಕ ಬರ್ರಿ. ಒಬ್ಬಾಕಿಗೆ ಧೈರ್ಯ ಸಾಲೂದಿಲ್ಲ.”

ಹೀಗೆ ನಾವಿಬ್ಬರೂ ಬಬಲೇಶ್ವರದ ಹಾದಿ ಹಿಡಿದ ಬಸ್ಸಿನಲ್ಲಿದ್ದೇವೆ. ಡೋಣಿ ಈಗ ಬತ್ತಿದೆ, ಮೊಳಕಾಲು ಮುಳುಗುವಷ್ಟೂ ನೀರಿಲ್ಲ. ಪೀರಾಂಬಿ ಆ ಕಡೆ ತಿರುಗಿಯೂ ನೋಡುವುದಿಲ್ಲ. “ಇದರ ಮಾರಿ ನೋಡೂದಿಲ್ಲ ನಾ,” ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ.

ವಸ್ತಿಯಲ್ಲಿ ಜುಲೇಖಾ ಬಾಳಿದ ಮನೆ ಬಿದ್ದುಹೋಗಿದೆ. ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದಾಳೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಹೆಸರು ಗುರುಬಸವ್ವ. ಪೀರಾಂಬಿಯ ಮುಖ ನೋಡಿದ್ದೇ, ಹೇಳುವ ಮೊದಲೇ ಗುರುತು ಹಿಡಿಯುತ್ತಾಳೆ.

“ಜುಲೇಖಾನ ಅವ್ವ ಹೌದಿಲ್ಲೋ? ಅದ ಮೂಗು. ಬಾ ತಂಗಿ, ಕೂಡ ಬಾ.”

ಪೀರಾಂಬಿ ಕೂಡುವುದಿಲ್ಲ. ನಿಂತೇ ಕೇಳುತ್ತಾಳೆ. “ಯಕ್ಕಾ, ನನ್ನ ಮಗಳಿಗೆ ನೀರ ಹಾಕಿದವರು ಯಾರು?”

“ನಾನ ಹಾಕಿದೆ,” ಎನ್ನುತ್ತಾಳೆ ಗುರುಬಸವ್ವ. “ಬಸರಾಗಿ ಸತ್ತಾಕಿ ಅಂತ ವಸ್ತ್ಯಾಗ ಯಾರೂ ಮುಟ್ಟಾಕ ಬರಲಿಲ್ಲ. ಊರಾಗಿನ ನಿಮ್ಮ ಹೆಂಗಸರಿಗೆ ಹೇಳಿ ಕಳಸಬೇಕಂದ್ರ ನಡುವಿನ ಹಳ್ಳ ತುಂಬಿತ್ತು. ನಿಮ್ಮ ರೀತಿ ನನಗೇನ ಗೊತ್ತವಾ? ನನ್ನ ಮಗಳಿಗೆ ಎರದಂಗ ಎರದೆ. ಸೀಗಿಕಾಯಿ ಹಚ್ಚಿ ತಲಿ ತೊಳದು ಹೆರಳ ಹಾಕಿದೆ.”

“ನೀರ ಸುಡತಿತ್ತೇನು?”

“ಇಲ್ಲವಾ, ಉಗುರ ಬೆಚ್ಚಗಿತ್ತು.”

“ಮಾತಾಡಿಸಿದೇನಕ್ಕಾ?”

“ಮಾತಾಡಿಸದ ಇರತೇನೇನ? ಅಳಕೋತ ಬೈದೆ. ಇಷ್ಟ ಲಗೂನ ಎಲ್ಲಿಗೆ ಹೊಂಟಿ ಹುಚ್ಚಿ, ನಿಮ್ಮವ್ವ ಬರೂ ತನಕರೆ ತಡಿಯಬಾರದಿತ್ತಾ ಅಂದೆ.” ಗುರುಬಸವ್ವ ಮೂಗು ಒರೆಸಿಕೊಳ್ಳುತ್ತಾಳೆ. “ಇನ್ನೊಂದ ಮಾಡೇನಿ. ತಪ್ಪಾಗಿದ್ರ ಹೊಟ್ಯಾಗ ಹಾಕ್ಕೊ. ಮುತ್ತೈದಿ, ಬಸರಿ, ಬರೇ ಉಡೀಲೆ ಹೆಂಗ ಕಳಸೂದು? ನಮ್ಮಂಗ ಉಡಿ ತುಂಬಿ ಕಳಸಿದೆ.”

ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು. ಪೀರಾಂಬಿಯ ಕೆಲಸದಲ್ಲಿ ಸತ್ತವರ ಜೊತೆ ಕಫನಿನ ಬಟ್ಟೆ ಬಿಟ್ಟು ಒಂದು ಕಾಳನ್ನೂ ಇಡುವಂತಿಲ್ಲ. ಬೇರೆ ಯಾರಾದರೂ ಇಟ್ಟಿದ್ದರೆ ತಾನೇ ಮೊದಲು ತೆಗೆಸುತ್ತಿದ್ದಳು. ಈಗ ಗುರುಬಸವ್ವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. “ಇರಲಿ ಯಕ್ಕಾ. ಬರಿಗೈಲೆ ಹೋಗಲಿಲ್ಲ ನನ್ನ ಮಗಳು.” ಇಲ್ಲಿಗೇ ಬರವಣಿಗೆ ಮುಗಿಸಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ.

“ಹಂಗಾದ್ರ ಯಾಕ ಬರಾಕತ್ತಿಲ್ಲ?” ಎನ್ನುತ್ತಾಳೆ ಪೀರಾಂಬಿ, ಯಾರಿಗೂ ಅಲ್ಲದಂತೆ. ಗುರುವಾರದ ಬಾಗಿಲಿನ ಕತೆಯನ್ನೆಲ್ಲ ಹೇಳುತ್ತಾಳೆ. ಕೇಳುತ್ತಾ ಕೇಳುತ್ತಾ ಗುರುಬಸವ್ವನ ಮುಖ ಸಣ್ಣಗಾಗುತ್ತದೆ.

“ಸುಳ್ಳ ಹೇಳಬಾರದು ತಂಗಿ. ದೆವ್ವಾಗಿ ತಿರುಗಿ ಬರತಾಳಂತ ಅಂಜಿ, ಹೊತ್ಕೊಂಡ ಹೋಗೂ ಮುಂದ ವಸ್ತಿ ಮಂದಿ ಗೋರಿ ಮಟಾ ಸಾಸಿವಿ ಚೆಲ್ಲಿದ್ರು. ನಾ ಬ್ಯಾಡ ಬ್ಯಾಡ ಅಂದೆ. ಮುದುಕಿ ಮಾತು ಯಾರ ಕೇಳತಾರ?”

ಈ ಕಡೆಯ ನಂಬಿಕೆ ಅದು. ಬಸುರಿಯಾಗಿ ಸತ್ತವಳು ಎದ್ದು ಬಂದರೆ ಹಾದಿಯಲ್ಲಿ ಚೆಲ್ಲಿದ ಸಾಸಿವೆಯನ್ನು ಒಂದೂ ಬಿಡದೆ ಆರಿಸಿಕೊಂಡೇ ಮುಂದೆ ಹೆಜ್ಜೆ ಇಡಬೇಕು. ಕೋಳಿ ಕೂಗುವುದರೊಳಗೆ ಮುಗಿಯದಿದ್ದರೆ ಮರುದಿನ ಮತ್ತೆ ಮೊದಲಿನಿಂದ. ಮುಗಿಯುವುದೇ ಇಲ್ಲ, ಅದಕ್ಕಾಗಿಯೇ ಚೆಲ್ಲುವುದು. ಪೀರಾಂಬಿ ಮಣ್ಣಲ್ಲೇ ಕುಸಿದು ಕೂಡುತ್ತಾಳೆ. ದನಿ ತೆಗೆದು ಅಳುತ್ತಾಳೆ. ತಡೆಯಲಾರದೆ ನಾನು, ಅದೆಲ್ಲ ಮೂಢನಂಬಿಕೆ, ನಿಮ್ಮ ಹಿರಿಯರೂ ಒಪ್ಪುವುದಿಲ್ಲ ಎಂದು ಏನೋ ಒದರುತ್ತೇನೆ. ಅವಳಿಗೆ ಸಿಟ್ಟೂ ಬರುವುದಿಲ್ಲ.

“ನಿಮಗ ಅದು ನಂಬಿಕಿ ಮಾತ್ರಿ ಸಾಹೇಬ್ರ,” ಎನ್ನುತ್ತಾಳೆ. “ನನಗ ಅಕಿ ಮಗಳು.”

ಗೋರಿಯ ಬಳಿ ನಿಂತು ಫಾತೆಹಾ ಓದಿ ಬರುವಷ್ಟರಲ್ಲಿ ಬಿಸಿಲು ಇಳಿದಿದೆ. ಕಾಖಂಡಕಿಯಲ್ಲಿ ಬಸ್ಸಿಗೆ ಕಾಯುತ್ತಾ ಬೇವಿನ ಮರದ ಕೆಳಗೆ ಕೂತಿದ್ದೇವೆ. ಪತ್ರಿಕೆಯವರು ಕಡೆಗೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ, ನಾಚಿಕೆಪಟ್ಟುಕೊಂಡೇ ಕೇಳುತ್ತೇನೆ. ಪೀರಾಂಬಿ, ನಿಮಗೆ ಏನಾದರೂ ಆಸೆ ಇದೆಯೇ?

ವಸ್ತಿಯ ಹಾದಿಯ ಕಡೆ ತಿರುಗಿ ಹೇಳುತ್ತಾಳೆ. “ನನಗ ನೀರ ಯಾರ ಹಾಕಿದ್ರೂ ನಡೀತೈತ್ರಿ. ಮಾತಾಡಿಸದಿದ್ರೂ ನಡೀತೈತಿ. ಮನಸ್ಸು ಸ್ವಲ್ಪ ಹೊತ್ತು ಉಳೀತೈತಿ ನೋಡ್ರಿ, ಅಷ್ಟ ಸಾಕು. ನಾ ಮನ್ಯಾಗ ಸುಳದಾಡಕೋತ ಕೂಡೂದಿಲ್ಲ, ಸೀದಾ ಇಲ್ಲಿಗೆ ಬರತೇನಿ. ಅಕಿ ಒಬ್ಬಾಕೀನ ಕೂತು ಸಾಸಿವಿ ಆರಸಾಕತ್ತಾಳ. ಇಬ್ಬರೂ ಕೂಡಿ ಆರಿಸಿದ್ರ ಬೆಳಗಾಗೂದ್ರಾಗ ಮುಗೀತೈತಿ.”