ಮೈನಸ್ ಇಪ್ಪತ್ತರಲ್ಲಿ ಒಂದು ಕುಳ್ಳು

ಕೆನಡಾದ ಬೋಲ್ಟನ್ನಿನ ಕೋಲ್ಡ್ ಸ್ಟೋರೇಜಿನಲ್ಲಿ ಚನ್ನವೀರಪ್ಪನಿಗೆ ಇದ್ದದ್ದು ಒಂದೇ ಕೆಲಸ, ಚಳಿ ಕಾಯುವುದು. ಎರಡು ತಾಸಿಗೊಮ್ಮೆ ಫ್ರೀಜರಿನೊಳಗೆ ಹೊಕ್ಕು, ಮೈನಸ್ ಇಪ್ಪತ್ತು ಇದೆಯೇ ಎಂದು ನೋಡಿ, ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಹುಬ್ಬಳ್ಳಿಯಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಬಟಾಣಿ, ಮೀನು, ಪರೋಟಾ ಎಲ್ಲವೂ ಅವನ ಕಾವಲಿನಲ್ಲಿದ್ದವು. 2017ರ ಬೇಸಿಗೆಯಲ್ಲಿ ಅವುಗಳ ಪಕ್ಕಕ್ಕೆ ಸಗಣಿ ಬಂದು ಕೂತಿತು.

ಅಂತಿಂಥ ಸಗಣಿಯಲ್ಲ. ದೂರದ ವಾಯವ್ಯದ ಬೆಟ್ಟಗಳಲ್ಲಿ ಸಾವಿರಾರು ವರ್ಷದ ಮಂಜುಗಡ್ಡೆ ಕರಗುತ್ತಿತ್ತು. ಒಳಗಿನಿಂದ ಹಳೆಯ ಬೇಟೆಗಾರರ ಬಾಣ, ಚರ್ಮದ ತುಂಡು, ಜೊತೆಗೆ ಹಿಮಸಾರಂಗಗಳ ಸಗಣಿ ರಾಶಿರಾಶಿಯಾಗಿ ಹೊರಬೀಳುತ್ತಿತ್ತು. ಬಿಸಿಲು ಕಂಡರೆ ಎಲ್ಲ ಕೊಳೆಯುತ್ತದೆ. ಪ್ರಯೋಗಾಲಯದವರು ತಮ್ಮ ಫ್ರೀಜರು ತುಂಬಿದ ಮೇಲೆ ಉಳಿದದ್ದನ್ನು ಇಲ್ಲಿ ತಂದಿಟ್ಟರು. ಪ್ರತಿ ಚೀಲಕ್ಕೂ ನಂಬರು, ಎಲ್ಲಕ್ಕೂ ಸೇರಿ ಬೀಗ. ಪರೋಟಾಕ್ಕೆ ಆ ಮರ್ಯಾದೆ ಇರಲಿಲ್ಲ.

"ಇಷ್ಟ ದೂರ ಬಂದು ಸಗಣಿ ಕಾಯಾಕತ್ತೀನಂತ ಯಾರ ಮುಂದೂ ಹೇಳಬ್ಯಾಡ್ರಿ," ಎಂದಳು ಹೆಂಡತಿ ಗಿರಿಜವ್ವ.

ಅವನು ಹೇಳುವವನೂ ಅಲ್ಲ. ತಾಯಿ ಈರವ್ವ ಮಂದಿಯ ದನದ ಸಗಣಿ ಬಳಿದು, ಒಲೆ ಉರಿಸುವ ಕುಳ್ಳು ತಟ್ಟಿ, ಮಾರಿ, ಅವನನ್ನು ಐಟಿಐ ಓದಿಸಿದ್ದಳು. ಕೆನಡಾಕ್ಕೆ ಬಂದ ಮೇಲೆ ಯಾರು ಕೇಳಿದರೂ "ನಮ್ಮವ್ವಂದು ಫ್ಯೂಯಲ್ ಬಿಸಿನೆಸ್ ಇತ್ತು" ಎನ್ನುತ್ತಿದ್ದ. ಕನ್ನಡ ಸಂಘದವರು ಪೆಟ್ರೋಲ್ ಬಂಕ್ ಎಂದುಕೊಂಡರು. ಇವನು ತಿದ್ದಲು ಹೋಗಲಿಲ್ಲ. ಚೀಲಗಳನ್ನು ಒಯ್ಯಲು ಪ್ರಯೋಗಾಲಯದಿಂದ ಬರುತ್ತಿದ್ದ ಪ್ರಕೃತಿ ಬೆಂಗಳೂರಿನವರ ಮಗಳು, ಹುಟ್ಟಿದ್ದು ಮಿಸ್ಸಿಸ್ಸಾಗಾದಲ್ಲಿ. ಅವಳಿಗೂ ಪೆಟ್ರೋಲ್ ಬಂಕಿನ ಕಥೆಯೇ ಸಂದಿತ್ತು.

ಒಂದು ಬುಧವಾರ, ಚೀಲವೊಂದರ ಮೇಲಿನ ಹಿಮ ಒರೆಸಿ ನಂಬರು ಓದುವಾಗ ಒಳಗಿನ ಮುದ್ದೆ ಕಣ್ಣಿಗೆ ಬಿತ್ತು. ದುಂಡಗೆ, ಚಪ್ಪಟೆಯಾಗಿತ್ತು. ಮೇಲೆ ಓರೆಯಾಗಿ ನಾಲ್ಕು ತಗ್ಗು. ಚನ್ನವೀರಪ್ಪ ನಿಂತಲ್ಲೇ ನಿಂತ. ದಿನಾ ಶಾಲೆಗೆ ಹೋಗುವ ಮುಂಚೆ ಗೋಡೆಯಿಂದ ಕುಳ್ಳು ಕಿತ್ತು ಒಟ್ಟಿದವನು ಅವನು. ಚೀಲವನ್ನು ಹೊರಳಿಸಿ ನೋಡಿದ. ಬೆನ್ನು ಸಪಾಟಾಗಿದ್ದು, ಬಂಡೆಯ ಗೆರೆಗಳು ಮೂಡಿದ್ದವು. ಇದನ್ನು ಯಾರೋ ತಟ್ಟಿದ್ದರು.

ಆದರೆ ಚೀಲಕ್ಕೆ ಕೆಂಪು ಚೀಟಿ ಇತ್ತು. ಕೆಂಪು ಚೀಟಿಯವನ್ನು ಶುಕ್ರವಾರ ಒಯ್ದು ಪುಡಿ ಮಾಡಿ ಪರೀಕ್ಷೆಗೆ ಹಾಕುತ್ತಾರೆ. ಬೇಡವೆಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಶುಕ್ರವಾರ ಪ್ರಕೃತಿ ಚೀಲಕ್ಕೆ ಕೈ ಹಾಕಿದಳು.

"ಮೇಡಮ್, ಅದನ್ನ ಪುಡಿ ಮಾಡಬ್ಯಾಡ್ರಿ. ಅದು ಕುಳ್ಳು."

"ಇಟ್ಸ್ ಜಸ್ಟ್ ಡಂಗ್, ಅಂಕಲ್. ಐಸ್ ವೆಯ್ಟ್‌ಗೆ ಪ್ರೆಸ್ ಆಗಿರತ್ತೆ."

"ಹಂಗಾರ ಬೆನ್ನಿಗೆ ಕಲ್ಲಿನ ಗೆರಿ, ಹೊಟ್ಟಿಗೆ ನಾಕ ಬೆರಳಿನ ತಗ್ಗು ಹೆಂಗ ಬಂದ್ವು? ಕಟ್ಟಿಗಿ ಸಿಗದ ಗುಡ್ಡದಾಗ ಆ ಬೇಟಿಗಾರರೂ ಒಲಿ ಹೊತ್ತಿಸಬೇಕಲ್ರಿ."

"ಬಟ್ ನಿಮಗೆ ಹೇಗೆ ಗೊತ್ತು?"

ಬಂತು. ಚನ್ನವೀರಪ್ಪ ಕಿವಿಯ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡ.

"ನಮ್ಮವ್ವ ತಟ್ತಿದ್ಲರಿ. ಪೆಟ್ರೋಲ್ ಬಂಕ್ ಗಿಂಕ್ ಏನೂ ಇರಲಿಲ್ಲ. ನಾ ಕುಳ್ಳಿನ ಮ್ಯಾಲ ದೊಡ್ಡಾಂವ ಆದಾಂವ."

ಪ್ರಕೃತಿ ಅವನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ ಕೆಂಪು ಚೀಟಿ ಕಿತ್ತಳು. "ಮಾಡಿ ತೋರಿಸ್ತೀರಾ?"

ಮರುವಾರ ಅವನು ಸ್ಟೌಫ್‌ವಿಲ್ ಕಡೆಯ ಡೇರಿಯೊಂದರಿಂದ ಸಗಣಿ ತಂದ. ತಂದದ್ದು ಗಿರಿಜವ್ವನ ಹೊಸ ಬಕೀಟಿನಲ್ಲಿ. ಆ ಮಾತು ಆಕೆಗೆ ಆಮೇಲೆ ತಿಳಿಯಿತು, ಅದು ಬೇರೆಯೇ ರಾಮಾಯಣ. ಲಾರಿಗಳು ನಿಲ್ಲುವ ಕಟ್ಟೆಯ ಮೇಲೆ ಒಂದು ಕಲ್ಲು ಇಟ್ಟರು. ಪ್ರಕೃತಿ, ಅವಳ ಪ್ರೊಫೆಸರು, ನಾಲ್ಕು ಜನ ಡ್ರೈವರುಗಳು ಸುತ್ತ ನಿಂತರು. ಅವನು ತಟ್ಟಿದ ಮೊದಲಿನ ಎರಡು ಒಡೆದುಹೋದವು. ಮೂರನೆಯದಕ್ಕೆ ಕೈ ತಾನಾಗಿ ಓರೆಯಾಯಿತು, ಅವ್ವನ ಕೈ ಓರೆಯಾಗುತ್ತಿದ್ದಂತೆಯೇ. ಅದು ಒಣಗಿದ ಮೇಲೆ ಅದನ್ನೂ ಚೀಲದ ಹಳೆಯದನ್ನೂ ಫ್ರೀಜರಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. ಪ್ರೊಫೆಸರು ಬಹಳ ಹೊತ್ತು ನೋಡಿ, ಮನುಷ್ಯರ ಕೈ ಇರಬಹುದು, ಇದನ್ನು ಪುಡಿ ಮಾಡುವುದು ಬೇಡ ಎಂದರು. ಅವರ ಬಾಯಲ್ಲಿ 'ಇರಬಹುದು' ಬರುವುದೇ ದೊಡ್ಡದು ಎಂದು ಪ್ರಕೃತಿ ಪಿಸುಗುಟ್ಟಿದಳು.

ಚನ್ನವೀರಪ್ಪ ತನ್ನ ಕುಳ್ಳಿನ ತಗ್ಗುಗಳಲ್ಲಿ ಬೆರಳಿಟ್ಟು ನೋಡಿದ. ಅವ್ವ ತಟ್ಟಿದ ಲಕ್ಷಾಂತರ ಕುಳ್ಳಿನಲ್ಲಿ ಒಂದೂ ಉಳಿದಿಲ್ಲ, ಎಲ್ಲ ಒಲೆಗೆ ಹೋದವು. ಆಕೆ ಹೋಗಿ ಹದಿನಾಲ್ಕು ವರ್ಷ. ಇರುವ ಒಂದು ಫೋಟೋದಲ್ಲಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಾಳೆ. ಆಕೆಗೂ ನಾಚಿಕೆ ಇತ್ತು. ಆಕೆಯ ನಾಚಿಕೆಯನ್ನೇ ತಾನು ಇಷ್ಟು ವರ್ಷ ಪೆಟ್ರೋಲ್ ಬಂಕ್ ಮಾಡಿಕೊಂಡು ತಿರುಗಿದೆನಲ್ಲ ಎನಿಸಿ ಅಳು ಬಂತು. ಫ್ರೀಜರಿನಲ್ಲಿ ಅತ್ತರೆ ರೆಪ್ಪೆ ಅಂಟಿಕೊಳ್ಳುತ್ತದೆ. ಹೊರಗೆ ಹೋಗಿ ಅತ್ತು ಬಂದ.

ಹೋಲಿಸಿ ನೋಡಲು ಬೇಕೆಂದು ಅವನ ಕುಳ್ಳನ್ನೂ ಚೀಲಕ್ಕೆ ಹಾಕಿದರು. ತಯಾರಿಸಿದವರ ಹೆಸರು ಬರೆಯಲು ಪ್ರಕೃತಿ ಚೀಟಿ ಕೊಟ್ಟಳು. ಅವನು 'ಈರವ್ವ' ಎಂದು ಬರೆದ.

"ಅಂಕಲ್, ಅದು ನಿಮ್ಮ ಹೆಸರಲ್ವಲ್ಲ?"

"ಕೈ ಆಕೀದರಿ."

ಪ್ರಕೃತಿ ಚೀಟಿಯನ್ನು ಹಾಗೆಯೇ ಅಂಟಿಸಿದಳು. ಚನ್ನವೀರಪ್ಪ ಹಾಳೆ ತೆಗೆದು, ಮೈನಸ್ ಇಪ್ಪತ್ತು ಎಂದು ಬರೆದು ಸಹಿ ಹಾಕಿದ.